ಪರವಾನಗಿಗೆಂದು ಕೊಟ್ಟ ವಿವರ ಪರವಾನಗಿಗಷ್ಟೇ ಇರಲಿ

ಬಂದೂಕಿನ ಪರವಾನಗಿ ಸುಲಭವಾಗಿ ಸಿಗಬಾರದು ಎಂದು ನಂಬಿರುವವನು ನಾನು. ಅರ್ಜಿದಾರನ ಹಿನ್ನೆಲೆಯನ್ನು ಪೊಲೀಸರು ವಿಚಾರಿಸುವುದೂ ಬೆರಳಚ್ಚು ಪಡೆಯುವುದೂ ನ್ಯಾಯವೇ. ಆದರೆ ಕಾನೂನಿಗೆ ತಲೆಬಾಗಿ ನಾಗರಿಕನು ಒಪ್ಪಿಸಿದ ವಿವರಗಳನ್ನು ಸರ್ಕಾರವು ತನಗೆ ತೋಚಿದ ಬೇರೊಂದು ಕೆಲಸಕ್ಕೆ ಬಳಸಕೂಡದು. ಅಮೆರಿಕದ ಎರಡು ಪ್ರಕರಣಗಳು ನನ್ನ ಈ ಅಭಿಪ್ರಾಯವನ್ನು ಗಟ್ಟಿಗೊಳಿಸಿವೆ.

ಮೊದಲನೆಯದು ಮಿಸೌರಿ ರಾಜ್ಯದ್ದು. ಮೈಮೇಲೆ ಮರೆಯಾಗಿ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಪಡೆದಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಪಟ್ಟಿಯನ್ನು ಅಲ್ಲಿನ ಹೆದ್ದಾರಿ ಪೊಲೀಸ್ ಇಲಾಖೆಯು ಕೇಂದ್ರದ ಸಾಮಾಜಿಕ ಭದ್ರತಾ ಆಡಳಿತದ ತನಿಖಾಧಿಕಾರಿಗೆ ಕೊಟ್ಟಿದ್ದ ಸಂಗತಿ 2013ರಲ್ಲಿ ಬಯಲಾಯಿತು. ಮಾನಸಿಕ ಅಸ್ವಸ್ಥತೆಯ ಕಾರಣ ಕೊಟ್ಟು ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವವರಲ್ಲಿ ಯಾರ ಬಳಿ ಇಂಥ ಪರವಾನಗಿ ಇದೆಯೆಂದು ತಾಳೆ ನೋಡಿ ವಂಚನೆಯನ್ನು ಪತ್ತೆಹಚ್ಚುವುದು ಅವರ ಉದ್ದೇಶವಾಗಿತ್ತು. ವಂಚನೆ ತಡೆಯುವುದು ತಪ್ಪಲ್ಲ, ನಿಜ. ಆದರೆ ಅವರು ಒಬ್ಬ ಶಂಕಿತನ ಹೆಸರು ಹಿಡಿದು ಕೇಳಲಿಲ್ಲ. ಯಾವ ತಪ್ಪೂ ಮಾಡದ ಲಕ್ಷಾಂತರ ಜನರನ್ನು ಒಟ್ಟಿಗೆ ಶಂಕಿತರ ಸಾಲಿನಲ್ಲಿ ನಿಲ್ಲಿಸಿದರು. ಪಟ್ಟಿಯಿದ್ದ ಡಿಸ್ಕ್ ತೆರೆಯಲಾಗಲಿಲ್ಲ, ನಾಶಪಡಿಸಲಾಯಿತು ಎಂಬ ಸಮಜಾಯಿಷಿ ಬಂತು. ಆ ತಾಂತ್ರಿಕ ಅಡಚಣೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಪರವಾನಗಿ ಪತ್ರ ಕೊಡುತ್ತಿದ್ದ ಕಂದಾಯ ಇಲಾಖೆಯ ನಿರ್ದೇಶಕರು ರಾಜೀನಾಮೆ ಕೊಟ್ಟರು. ಶಾಸನಸಭೆಯು ಆ ಕೆಲಸವನ್ನು ಇಲಾಖೆಯಿಂದ ತೆಗೆದು ಸ್ಥಳೀಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳಿಗೆ ವಹಿಸಿತು.

ಎರಡನೆಯದು ಕ್ಯಾಲಿಫೋರ್ನಿಯಾದ್ದು. 2022ರ ಜೂನ್ 27ರಂದು ಅಲ್ಲಿನ ನ್ಯಾಯ ಇಲಾಖೆಯು ಪಾರದರ್ಶಕತೆಯ ಹೆಸರಿನಲ್ಲಿ ಬಂದೂಕು ಅಂಕಿಅಂಶಗಳ ಜಾಲತಾಣವೊಂದನ್ನು ತೆರೆಯಿತು. ಅದರ ಮೂಲಕ ಒಂದು ದಶಕದಲ್ಲಿ ಪರವಾನಗಿ ಕೋರಿದ್ದ ಸುಮಾರು 1,92,000 ಜನರ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಮುಂತಾದವು ಸಾರ್ವಜನಿಕರ ಕೈಗೆ ಸಿಕ್ಕವು. ದುರುದ್ದೇಶವಿರಲಿಲ್ಲ, ತರಬೇತಿ ಮತ್ತು ಎಚ್ಚರಿಕೆಯ ಕೊರತೆಯಿಂದ ಹೀಗಾಯಿತು ಎಂದು ಹೊರಗಿನ ತನಿಖೆ ಹೇಳಿತು. ನಾನು ಅದನ್ನು ನಂಬುತ್ತೇನೆ. ಆದರೆ ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡು, ಆತ್ಮರಕ್ಷಣೆಗೆಂದು ಅರ್ಜಿ ಹಾಕಿದ ಹೆಣ್ಣುಮಗಳೊಬ್ಬಳ ಹೊಸ ವಿಳಾಸ ಅಂಥ ಪಟ್ಟಿಯಲ್ಲಿದ್ದರೆ, ಅದು ಉದ್ದೇಶಪೂರ್ವಕವೋ ಅಜಾಗರೂಕತೆಯೋ ಎಂಬ ವಿಚಾರಣೆ ಅವಳನ್ನು ಕಾಪಾಡುವುದಿಲ್ಲ. ಅರ್ಜಿದಾರರ ಹೆಸರಿನಲ್ಲಿ ಬೇರೆಯವರು ಸಾಲ ಎತ್ತದಂತೆ ಇಲಾಖೆಯು ಅವರ ಸಾಲದ ಖಾತೆಗಳ ಮೇಲೆ ನಿಗಾ ಇಡುವ ಸೇವೆಯನ್ನು ಒದಗಿಸಲು ಮುಂದಾಯಿತು. ಆದರೆ ಬಯಲಾದದ್ದು ಬ್ಯಾಂಕಿನ ವಿವರವಲ್ಲ, ಮನೆಯ ಬಾಗಿಲು.

ಇದೇ ರಾಜ್ಯವು 2021ರಲ್ಲಿ ಬಂದೂಕು ಹೊಂದಿದವರ ವಿವರಗಳನ್ನು ಗುರುತಿನ ಸಮೇತ ಸಂಶೋಧಕರಿಗೆ ಕೊಡಲು ಕಾನೂನು ಮಾಡಿತ್ತು. ಆತ್ಮಹತ್ಯೆ, ಗುಂಡಿನ ದಾಳಿಗಳ ಅಧ್ಯಯನ ಆಗಲೇಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬೇರೆ ಬೇರೆ ದಾಖಲೆಗಳನ್ನು ಹೊಂದಿಸಲು ಹೆಸರು ಬೇಕಾಗುವುದೂ ಉಂಟು. ಹಾಗಿದ್ದರೆ ಆ ಹೊಂದಾಣಿಕೆ ಇಲಾಖೆಯೊಳಗೇ ನಡೆದು, ಹೆಸರು ತೆಗೆದ ದತ್ತಾಂಶವಷ್ಟೇ ಹೊರಹೋಗಲಿ.

ನಮ್ಮಲ್ಲಿಯೂ ಈ ಪ್ರಶ್ನೆ ದೂರದ್ದಲ್ಲ. ಶಸ್ತ್ರಾಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಸಂಚಯದಲ್ಲಿ ಪ್ರತಿ ಪರವಾನಗಿದಾರನಿಗೂ ಒಂದು ವಿಶಿಷ್ಟ ಸಂಖ್ಯೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಾಗಿ. ಆದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿದೆ. ಬಂದೂಕಿನ ಪಟ್ಟಿಯನ್ನು ಕೇಳುವ ಯಾವ ಇಲಾಖೆಯಾದರೂ ಮೊದಲು ಉಚ್ಚರಿಸುವುದು ಈ ಕಾರಣಗಳನ್ನೇ. ಆದ್ದರಿಂದ ಇಡೀ ಪಟ್ಟಿಯನ್ನು ಮತ್ತೊಂದು ಇಲಾಖೆಗೆ ಒಪ್ಪಿಸುವ ಮುನ್ನ ನ್ಯಾಯಾಲಯದ ಅನುಮತಿ ಪಡೆಯಬೇಕು, ಪಟ್ಟಿಯನ್ನು ಯಾರು ಯಾವಾಗ ತೆರೆದರು ಎಂಬುದು ದಾಖಲಾಗಬೇಕು, ಆ ದಾಖಲೆಯನ್ನು ನೋಡುವ ಹಕ್ಕು ಪರವಾನಗಿದಾರನಿಗೂ ಇರಬೇಕು ಎಂದು ಶಸ್ತ್ರಾಸ್ತ್ರ ನಿಯಮಗಳಲ್ಲಿಯೇ ಬರೆಯಬೇಕೆಂಬುದು ನನ್ನ ಒತ್ತಾಯ.