ನಗು ತರಿಸುವ ಗೆರೆಗಳು

ಪೇಂಟಿಂಗ್ ಎದುರು ನಿಂತಾಗ ನಗು ಬಂದರೆ ಎಷ್ಟೋ ಜನ ತಡೆದುಕೊಳ್ಳುತ್ತಾರೆ. ಯಾಕೆ ತಡೆಯಬೇಕು? ಕಲಾವಿದರು ಬೇಕಂತಲೇ ಇಟ್ಟ ನಗು ಅದು.

ಕಲಾವಿದ ಪಾಲ್ ಕ್ಲೇ 1922ರಲ್ಲಿ ಬರೆದ ‘ಟ್ವಿಟರಿಂಗ್ ಮಷೀನ್’ (ಚಿಲಿಪಿಲಿ ಯಂತ್ರ) ಚಿತ್ರ ನೋಡಿ. ತಂತಿಯ ಮೇಲೆ ಕಡ್ಡಿಯಂಥ ನಾಲ್ಕು ಹಕ್ಕಿಗಳು. ತಂತಿಯ ತುದಿಗೊಂದು ಹಿಡಿಕೆ. ಅದನ್ನು ತಿರುಗಿಸಿದರೆ ಹಕ್ಕಿಗಳು ಚಿಲಿಪಿಲಿ ಅನ್ನಬೇಕು! ಮೊದಲು ನಗು ಬರುತ್ತದೆ. ಆಮೇಲೆ, ಪಾಪ, ಇವು ಹಾರುವ ಹಾಗಿಲ್ಲ ಅಂತ ಹೊಳೆದು ಸಂಕಟವಾಗುತ್ತದೆ. ತೆಳು ಗೆರೆಗಳಲ್ಲೇ ಎರಡೂ ಇವೆ.

ಪೋಸ್ಟರ್‌ಗೆ ಇಷ್ಟು ಸಮಯ ಸಿಗುವುದಿಲ್ಲ. ಅವಸರದಲ್ಲಿ ಹೋಗುವವರ ಕಣ್ಣನ್ನು ಅದು ಥಟ್ಟನೆ ಹಿಡಿಯಬೇಕು. ಫ್ರಾನ್ಸಿನ ಪೋಸ್ಟರ್ ಕಲಾವಿದ ಕಸಾಂಡ್ರ್ 1932ರಲ್ಲಿ ಡುಬೊನೆ ಪಾನೀಯಕ್ಕೆ ಮಾಡಿದ ಪೋಸ್ಟರ್‌ನಲ್ಲಿ ಒಬ್ಬ ಮನುಷ್ಯ ಮೂರು ಸಲ ಬರುತ್ತಾನೆ. ಕುಡಿಯುತ್ತಾ ಹೋದಂತೆ ಅವನ ಮೈಗೆ ಬಣ್ಣ ತುಂಬುತ್ತದೆ, ಕೆಳಗಿನ ಅಕ್ಷರಗಳಿಗೂ ತುಂಬುತ್ತದೆ. ಎಂಥ ಲೆಕ್ಕಾಚಾರ, ಅಲ್ವಾ?

ಆದರೂ ನನಗೆ ಜಾಸ್ತಿ ಇಷ್ಟ ಇನ್ನೊಬ್ಬ ಪೋಸ್ಟರ್ ಕಲಾವಿದ, ರೇಮಂಡ್ ಸಾವಿನ್ಯಾಕ್. 1949ರ ಮೊನ್ಸಾವೊನ್ ಸೋಪಿನ ಪೋಸ್ಟರ್‌ನಲ್ಲಿ ಅವರು ಒಂದು ಹಸು ಬರೆದರು. ಅದರ ಕೆಚ್ಚಲಿನ ಹಾಲು ನೇರವಾಗಿ ಸೋಪಿಗೆ ಇಳಿಯುತ್ತದೆ. ಅಷ್ಟೇ! ಸೋಪಿನಲ್ಲಿ ಹಾಲಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಸುವಿನ ಮುಖದಲ್ಲಿ ಗಾಬರಿಯೂ ಇಲ್ಲ, ಇದೇ ನನ್ನ ದಿನದ ಕೆಲಸ ಅನ್ನುವಂತೆ ನಿಂತಿದೆ.

ಹಾಸ್ಯ ಇದ್ದರೆ ಕಲೆಯ ತೂಕ ಕಡಿಮೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬೇಡದ್ದನ್ನೆಲ್ಲ ತೆಗೆದುಹಾಕಿ, ಒಂದೇ ಹಸುವಿನಲ್ಲಿ ಎಲ್ಲ ಹೇಳುವುದು ಸುಮ್ನೆ ಆಗುವ ಕೆಲಸವಲ್ಲ.