ಅಜ್ಜಿಯ ಎಲೆಯಲ್ಲಿ ಉಪ್ಪಿನ ಜಾಗ

ಕೈಗಡಿಯಾರ ಬಿಚ್ಚಿಡಿ ಅಂದರು. ಮೊಬೈಲನ್ನೂ. ಬೆಳಕು ಸೂಸುವ ಯಾವ ವಸ್ತುವೂ ಒಳಗೆ ಬರುವ ಹಾಗಿಲ್ಲ. ಎಲ್ಲವನ್ನೂ ಹೊರಗಿನ ಲಾಕರಿನಲ್ಲಿಟ್ಟು ನಿಂತೆವು. ಬಡಿಸುವವರು ಬಂದು ತಮ್ಮ ಹೆಸರು ಹೇಳಿ, ನನ್ನ ಕೈ ತೆಗೆದು ತಮ್ಮ ಹೆಗಲ ಮೇಲಿಟ್ಟುಕೊಂಡರು. ನನ್ನ ಹೆಗಲ ಮೇಲೆ ನನ್ನ ಗಂಡನ ಕೈ, ಅವರ ಹಿಂದೆ ನನ್ನ ಆಫೀಸಿನ ಇಬ್ಬರು ಗೆಳತಿಯರು. ಚಿಕ್ಕವರಿದ್ದಾಗ ಅಂಗಳದಲ್ಲಿ ರೈಲು ಬಿಡುತ್ತಿದ್ದೆವಲ್ಲ, ಹಾಗೆ ದಪ್ಪ ಪರದೆಗಳನ್ನು ದಾಟಿ ಒಳಗೆ ಹೋದೆವು.

ನಾನಿರುವ ಜ್ಯೂರಿಕ್‌ನಲ್ಲಿ ಇರುವ ಕಗ್ಗತ್ತಲೆಯಲ್ಲಿ ಊಟ ಬಡಿಸುವ ಈ ಹೋಟೆಲಿನ ಹೆಸರು ಬ್ಲಿಂಡೆಕೂ. ಜರ್ಮನ್ ಭಾಷೆಯಲ್ಲಿ 'ಕುರುಡು ಹಸು' ಅಂತ ಅರ್ಥ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿಯುವ ಆಟಕ್ಕೆ ಇಲ್ಲಿಯವರು ಇಟ್ಟ ಹೆಸರು ಅದು. ಕಣ್ಣು ಕಾಣದ ಒಬ್ಬ ಪಾದ್ರಿಯ ಮುಂದಾಳತ್ವದಲ್ಲಿ 1999ರಲ್ಲಿ ಶುರುವಾಯಿತು. ಆಮೇಲೆ ಪ್ಯಾರಿಸ್, ಲಂಡನ್, ಬರ್ಲಿನ್ ಎಲ್ಲ ಕಡೆ ಕತ್ತಲೆಯ ಹೋಟೆಲುಗಳು ಬಂದವು. ಬಡಿಸುವವರು ಕಣ್ಣು ಕಾಣದವರು ಅಥವಾ ಮಂದ ದೃಷ್ಟಿಯವರು. ಅವರಿಗೆ ಸಂಬಳದ ಕೆಲಸ ಸಿಗಬೇಕು ಅನ್ನುವುದೇ ಈ ಹೋಟೆಲಿನ ಹಿಂದಿರುವ ಮುಖ್ಯ ಉದ್ದೇಶ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಕತ್ತಲೆ ನನಗೆ ಹೊಸದಲ್ಲ. ಸಾಗರದಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟಿಲ್ಲ. ಆದರೆ ಅಲ್ಲಿ ಒಲೆಯಲ್ಲಿ ಕೆಂಡವಿರುತ್ತದೆ, ಹಂಚಿನ ಸಂದಿಯಲ್ಲಿ ಮಿಂಚು ಹೊಳೆಯುತ್ತದೆ, ಸ್ವಲ್ಪ ಹೊತ್ತಿಗೆ ಕಣ್ಣು ಪಳಗುತ್ತದೆ. ಇಲ್ಲಿ ಪಳಗುವುದೇ ಇಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಸುತ್ತ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಕೂತವರ ಮುಖ ಕಾಣದಿದ್ದರೆ ದನಿ ತಾನಾಗಿ ಏರುತ್ತದೆ.

ತಟ್ಟೆ ಬಂತು. "ಗಡಿಯಾರ ಅಂದುಕೊಳ್ಳಿ. ಮೂರು ಗಂಟೆಯ ಕಡೆ ಆಲೂಗಡ್ಡೆ, ಆರರ ಕಡೆ ತರಕಾರಿ, ಒಂಬತ್ತಕ್ಕೆ ಅಣಬೆ" ಎಂದರು ಬಡಿಸುವವರು. ಫೋರ್ಕು ಮೂರು ಸಲ ಬರಿದಾಗಿ ಬಾಯಿಗೆ ಬಂತು. ಅದನ್ನು ಬದಿಗಿಟ್ಟು ಕೈಯಿಂದಲೇ ಉಂಡೆ. ನೀರು ಬಗ್ಗಿಸಿಕೊಳ್ಳುವಾಗ ಲೋಟದ ಅಂಚಿನೊಳಗೆ ಬೆರಳು ಇಟ್ಟುಕೊಳ್ಳಿ, ನೀರು ತಾಗಿದಾಗ ನಿಲ್ಲಿಸಿ ಎಂದು ಅವರೇ ಹೇಳಿಕೊಟ್ಟರು.

ಆ ಬೆರಳು ನಾನು ನೋಡಿದ್ದೆ. ಅಜ್ಜಿಯದು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜಿಗೆ ಕಣ್ಣು ಹೋಯಿತು. ಗ್ಲಾಕೋಮಾ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಕೆಡುವ ಕಾಯಿಲೆ. ಇದು ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ. ಅಕ್ಕಪಕ್ಕದ ನೋಟವನ್ನು ಮೊದಲು ತಿನ್ನುತ್ತದೆ, ಎದುರಿನದು ಕಾಣುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ಮಾತ್ರ ಹನಿ ಔಷಧ ಎಂದರು ಡಾಕ್ಟರು. ಉಳಿದದ್ದೂ ಹೆಚ್ಚು ಕಾಲ ನಿಲ್ಲಲಿಲ್ಲ.

ಮನೆಯಲ್ಲಿ ಆಗಲೇ ಸ್ಟೀಲ್ ತಟ್ಟೆ ಬಂದಿತ್ತು. ಅಜ್ಜಿ ಮಾತ್ರ ಬಾಳೆ ಎಲೆಯೇ ಬೇಕು ಎಂದು ಹಟ ಹಿಡಿದರು. ಕುಡಿ ಎಡಕ್ಕೆ ಬರಬೇಕು. ಎಡ ತುದಿಯಲ್ಲಿ ಉಪ್ಪು, ಅದರ ಪಕ್ಕ ಅಪ್ಪೆಮಿಡಿ, ಆಮೇಲೆ ಚಟ್ನಿ, ಕೋಸಂಬರಿ, ಪಲ್ಯ. ಎಲೆಯ ನಡುವಿನ ದಿಂಡಿನ ಕೆಳಗೆ ಅನ್ನ, ಬಲ ಮೂಲೆಯಲ್ಲಿ ಪಾಯಸ. ನಾನು ಅವಸರದಲ್ಲಿ ಎಲ್ಲೆಂದರಲ್ಲಿ ಬಡಿಸುತ್ತಿದ್ದೆ. "ಕೂಸೇ, ಉಪ್ಪು ಅದ್ರ ಜಾಗ್ದಲ್ಲಿ ಇಲ್ಲೆ" ಅನ್ನುತ್ತಿದ್ದರು. ಎಲ್ಲಿದ್ದರೂ ಉಪ್ಪು ಉಪ್ಪೇ ಅಲ್ಲವೇ ಎಂದು ನಾನು ಸಿಡುಕಿದ್ದೇನೆ. ಒಂದು ಸಲವಲ್ಲ, ಎಷ್ಟೋ ಸಲ. ಹಳೆಯ ಕಾಲದವರ ಶಾಸ್ತ್ರ ಎಂದುಕೊಂಡಿದ್ದೆ.

ಜ್ಯೂರಿಕ್‌ನ ಆ ಮೇಜಿನ ಮುಂದೆ, ಒಂಬತ್ತು ಗಂಟೆಯ ಕಡೆಯ ಅಣಬೆಯನ್ನು ಬೆರಳಲ್ಲಿ ಹುಡುಕುತ್ತಿರುವಾಗ, ಅಜ್ಜಿಯ ಎಲೆ ನನಗೆ ಇದ್ದಕ್ಕಿದ್ದಂತೆ ಅರ್ಥವಾಯಿತು. ಮದುವೆಯಾಗಿ ಬಂದಾಗಿನಿಂದ ಸಾವಿರಾರು ಜನರಿಗೆ ಬಡಿಸಿದ ಕೈ ಅದು. ದುಂಡು ತಟ್ಟೆಗೆ ತಲೆಯಿಲ್ಲ ಬಾಲವಿಲ್ಲ. ಎಲೆಗೆ ಕುಡಿಯಿದೆ, ನಡುವೆ ಬೆರಳಿಗೆ ತಾಗುವ ದಿಂಡಿದೆ. ಯಾರನ್ನೂ ಕೇಳದೆ, ಯಾರ ಕೈಯಿಂದಲೂ ತುತ್ತು ಹಾಕಿಸಿಕೊಳ್ಳದೆ ಉಣ್ಣಲು ಅವರಿಗೆ ಇದ್ದ ದಾರಿ ಅದೊಂದೇ. ನಾನು ದಿನಾ ಆ ದಾರಿ ಕೆಡಿಸುತ್ತಿದ್ದೆ. ಕತ್ತಲೆಯಲ್ಲಿ ಅತ್ತೆ. ಗಂಡನಿಗೂ ಗೊತ್ತಾಗಲಿಲ್ಲ.

ಇನ್ನೊಂದೂ ನೆನಪಾಯಿತು. ಒಂದು ಮಳೆಗಾಲದ ರಾತ್ರಿ ಊಟದ ನಡುವೆ ಕರೆಂಟು ಹೋಯಿತು. ನಾವೆಲ್ಲ ತುತ್ತು ಹಿಡಿದು ಕೂತೆವು. ಅಜ್ಜಿ ಎದ್ದು, ಗೋಡೆಯ ಗೂಡಿನಿಂದ ಚಿಮಣಿ ಬುಡ್ಡಿ, ಕಡ್ಡಿಪೆಟ್ಟಿಗೆ ತಂದು ಅಮ್ಮನ ಕೈಗೆ ಕೊಟ್ಟು, ಮರಳಿ ಬಂದು ಊಟ ಮುಂದುವರಿಸಿದರು.

ಈ ಜುಲೈಯಲ್ಲಿ ಊರಿಗೆ ಹೋದೆ. ಮೊದಲು ಅಮ್ಮನನ್ನು ಶಿವಮೊಗ್ಗಕ್ಕೆ ಕರೆದೊಯ್ದು ಕಣ್ಣಿನ ಒತ್ತಡ ತೋರಿಸಿದೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವ ಸಂಭವ ಹೆಚ್ಚು. ಒತ್ತಡ ಏರಿತ್ತು, ಈಗ ರಾತ್ರಿ ಒಂದೊಂದು ಹನಿ ಹಾಕಿಕೊಳ್ಳುತ್ತಿದ್ದಾರೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ಸುಮ್ಮನಿರಬೇಡಿ, ನಲವತ್ತು ದಾಟಿದವರಂತೂ ಹೋಗಿ ತೋರಿಸಿಕೊಳ್ಳಿ.

ಮರುದಿನ ತೋಟದಿಂದ ಕುಡಿಬಾಳೆ ಕೊಯ್ದು ತಂದೆ. ಅಜ್ಜಿಗೀಗ ಎಂಬತ್ತನಾಲ್ಕು. ಕುಡಿ ಎಡಕ್ಕೆ ಹಾಕಿ, ಉಪ್ಪಿನಿಂದ ಶುರುಮಾಡಿ ಒಂದೊಂದೇ ಬಡಿಸಿ, ಏನೂ ಹೇಳದೆ ಎದುರು ಕೂತೆ. ಅವರ ಬೆರಳು ಉಪ್ಪು ಮುಟ್ಟಿತು, ಅಪ್ಪೆಮಿಡಿ ಮುಟ್ಟಿತು, ಅಂಚಿನುದ್ದಕ್ಕೂ ಸರಿದು ಪಲ್ಯದವರೆಗೆ ಹೋಗಿ, ದಿಂಡು ದಾಟಿ ಬಲ ಮೂಲೆಗೆ ಇಳಿಯಿತು. ಅಲ್ಲಿ ನಿಂತಿತು.

"ಪಾಯಸ ಒಂಚೂರು ಬಲಕ್ಕೆ ಬಡ್ಸು ಕೂಸೇ, ಅನ್ನಕ್ಕೆ ತಾಗ್ತು."