ಒಂದು ಫಾರ್ಮಿಗೆ ಎಷ್ಟು? ಸರ್ವೆ ಕೆಲಸದ ಸಂಬಳವನ್ನು ಊರಿನ ಖರ್ಚಿನ ಜೊತೆ ತೂಗುವ ಬಗೆ

ಜನರನ್ನು ಪ್ರಶ್ನೆ ಕೇಳಿ ಮಾಹಿತಿ ಕಲೆಹಾಕುವ ಸರ್ವೆ ಕೆಲಸಕ್ಕೆ ಸೇರುವವರು ಮೊದಲು ಕೇಳುವುದು ‘ತಿಂಗಳಿಗೆ ಎಷ್ಟು?’ ಅಂತ, ಇಲ್ಲವೇ ‘ಒಂದು ಫಾರ್ಮಿಗೆ, ಅಂದರೆ ತುಂಬಿಸಿದ ಒಂದು ಪ್ರಶ್ನಾವಳಿಗೆ, ಎಷ್ಟು?’ ಅಂತ. ಸಿಕ್ಕ ಉತ್ತರವನ್ನು ಹಾಗೆಯೇ ತಂದು ಊರಿನ ಜೀವನ ವೆಚ್ಚದ ಪಕ್ಕದಲ್ಲಿಟ್ಟರೆ ಲೆಕ್ಕ ತಪ್ಪುತ್ತದೆ. ಆ ಮೊತ್ತವನ್ನು ಮೊದಲು ಗಂಟೆಗೆ ಇಳಿಸಬೇಕು. ಕೈಯಿಂದ ಹೋಗುವ ಖರ್ಚು ಕಳೆಯಬೇಕು, ಕೆಲಸವಿಲ್ಲದ ತಿಂಗಳುಗಳಿಗೂ ಅದನ್ನೇ ಹಂಚಬೇಕು. ಹೋಲಿಕೆ ಶುರುವಾಗುವುದು ಇಷ್ಟಾದ ಮೇಲೆ.

ಅದಕ್ಕೂ ಮುಂಚೆ, ಯಾವ ಕೆಲಸದ ಸಂಬಳ ನೋಡುತ್ತಿದ್ದೇವೆ ಅನ್ನುವುದು ಸ್ಪಷ್ಟವಿರಲಿ. ‘ಸರ್ವೆ ಸಂಶೋಧಕ’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಸ್ಯಾಂಪಲ್ ತೆಗೆಯುವವರು (ಯಾರನ್ನು ಕೇಳಬೇಕು ಅಂತ ಆರಿಸುವವರು), ಪ್ರಶ್ನಾವಳಿ ಬರೆಯುವವರು, ಡೇಟಾ ವಿಶ್ಲೇಷಿಸುವವರು ಒಂದು ಗುಂಪು. ಮನೆ ಮನೆಗೆ ಹೋಗಿ ಅಥವಾ ಫೋನಿನಲ್ಲಿ ಪ್ರಶ್ನೆ ಕೇಳುವವರು ಇನ್ನೊಂದು. ಅಂತರರಾಷ್ಟ್ರೀಯ ವೃತ್ತಿ ವರ್ಗೀಕರಣವಾದ ಐಎಸ್‌ಸಿಒ-08ರಲ್ಲಿ ಸಂದರ್ಶಕರಿಗೆ 4227 ಅನ್ನುವ ಸಂಕೇತವಿದ್ದು, ಅದು ಗುಮಾಸ್ತ ಕೆಲಸಗಳ ಗುಂಪಿನಲ್ಲಿ ಬರುತ್ತದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 19-3022 ಸಂಕೇತದಡಿ ‘ಸರ್ವೆ ರಿಸರ್ಚರ್’ ಅಂತ ಕರೆಯುವುದು ಮೊದಲನೇ ಗುಂಪನ್ನು. ಆ ಗುಂಪಿನ ಸಂಬಳದ ಅಂಕಿ ನೋಡಿಕೊಂಡು ಫೀಲ್ಡ್ ಸಂದರ್ಶಕರು ತಮ್ಮ ಕೂಲಿ ಅಳೆದರೆ ಹೋಲಿಕೆ ಕೂಡುವುದೇ ಇಲ್ಲ. ಆ ಇಲಾಖೆಯ ಸಂಬಳ ಸಮೀಕ್ಷೆ ಸ್ವಂತ ಉದ್ಯೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಗುತ್ತಿಗೆ ಮೇಲೆ ಸ್ವತಂತ್ರವಾಗಿ ದುಡಿಯುವವರು ಈ ಕ್ಷೇತ್ರದಲ್ಲಿ ಬಹಳ ಮಂದಿ, ಅವರ ಗಳಿಕೆ ಆ ಅಂಕಿಯಲ್ಲಿ ಕಾಣುವುದಿಲ್ಲ. ಇನ್ನು ಸರಾಸರಿಗಿಂತ ಮಧ್ಯಾಂಕವನ್ನೇ, ಅಂದರೆ ಸಂಬಳಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದನ್ನೇ, ನೋಡಿ. ಮೇಲಿನ ನಾಲ್ಕೈದು ದೊಡ್ಡ ಸಂಬಳ ಸಾಕು, ಸರಾಸರಿಯನ್ನು ಎತ್ತಿಬಿಡುತ್ತದೆ.

ಈಗ ಫಾರ್ಮಿನ ಲೆಕ್ಕ. ಒಂದು ಪೂರ್ಣ ಸಂದರ್ಶನದ ಕೂಲಿಯನ್ನು, ರೂಪಾಯಿ ಎಷ್ಟೇ ಇರಲಿ, 100 ಪಾಲು ಅಂತಿಟ್ಟುಕೊಳ್ಳಿ. ಪ್ರಶ್ನಾವಳಿ ಮುಗಿಯಲು 35 ನಿಮಿಷ. ಇಷ್ಟನ್ನೇ ನೋಡಿದರೆ ಗಂಟೆಗೆ 171 ಪಾಲು ಬಂದಂತೆ ಕಾಣುತ್ತದೆ. ಆದರೆ ಒಂದು ಸಂದರ್ಶನ ಸಿಗಲು ಸರಾಸರಿ ಎರಡೂವರೆ ಸಲ ಬಾಗಿಲು ತಟ್ಟಬೇಕಾಯಿತು, ಓಡಾಟವೂ ಸೇರಿ ಪ್ರತಿ ಸಲಕ್ಕೆ 12 ನಿಮಿಷ ಹೋಯಿತು ಅಂದರೆ ಅಲ್ಲಿಗೆ 30 ನಿಮಿಷ. ಫಾರ್ಮ್ ತಿದ್ದಿ ಅಪ್‌ಲೋಡ್ ಮಾಡಲು 10. ತರಬೇತಿಯ ದಿನಗಳು, ಬ್ಯಾಕ್‌ಚೆಕ್‌ನಲ್ಲಿ (ಸಂದರ್ಶನ ಸರಿಯಾಗಿ ನಡೆದಿದೆಯೇ ಅಂತ ಮತ್ತೆ ಪರಿಶೀಲಿಸುವುದು) ಬಂದ ಪ್ರಶ್ನೆಗಳಿಗೆ ಉತ್ತರಿಸುವುದು, ಇವನ್ನು ಎಲ್ಲ ಫಾರ್ಮ್‌ಗಳಿಗೂ ಹಂಚಿದರೆ ತಲಾ 5. ಒಟ್ಟು 80 ನಿಮಿಷ. ಓಡಾಟಕ್ಕೆ ಮತ್ತು ಮೊಬೈಲ್ ಡೇಟಾಕ್ಕೆ ಸ್ವಂತ ಜೇಬಿನಿಂದ 15 ಪಾಲು ಹೋಯಿತು. ನೂರರಲ್ಲಿ ಐದು ಫಾರ್ಮ್ ತಿರಸ್ಕೃತವಾದರೆ ಕೂಲಿ ಸರಾಸರಿ 95ಕ್ಕೆ ಇಳಿಯುತ್ತದೆ, ಖರ್ಚು ಮಾತ್ರ ಇಳಿಯುವುದಿಲ್ಲ. 95ರಲ್ಲಿ 15 ಕಳೆದರೆ ಉಳಿಯುವುದು 80. ಎಂಬತ್ತು ನಿಮಿಷಕ್ಕೆ 80 ಪಾಲು, ಅಂದರೆ ಗಂಟೆಗೆ 60. ಕಾಗದದ ಮೇಲಿದ್ದ 171 ಕೈಗೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗೆ ಬಂದು ನಿಂತಿತು. ಕನಿಷ್ಠ ವೇತನದ ಜೊತೆ ಹೋಲಿಸಬೇಕಾದದ್ದು ಈ 60ನ್ನು.

ಇಲ್ಲಿ ಅತಿ ಹೆಚ್ಚು ಪೆಟ್ಟು ಕೊಡುವುದು ಭೇಟಿಗಳ ಸಂಖ್ಯೆ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗಲೇಬೇಕು ಅನ್ನುವ ನಿಯಮ ಡೇಟಾದ ಗುಣಮಟ್ಟಕ್ಕೆ ಬೇಕೇ ಬೇಕು. ಸಿಕ್ಕವರನ್ನಷ್ಟೇ ಕೇಳಿದರೆ ಹಗಲು ಮನೆಯಲ್ಲಿರುವವರ ಕಡೆಗೆ ಸ್ಯಾಂಪಲ್ ವಾಲುತ್ತದೆ. ಆದರೆ ನಿಯಮ ಮಾಡಿದವರು ಆ ಭೇಟಿಗಳಿಗೂ ದುಡ್ಡು ಇಡಬೇಕು. ಇಡದಿದ್ದರೆ ಏನಾಗುತ್ತದೆ ಅನ್ನುವುದು ಫೀಲ್ಡ್ ಮೇಲ್ವಿಚಾರಕರಿಗೆಲ್ಲ ಗೊತ್ತು: ಎರಡನೇ, ಮೂರನೇ ಭೇಟಿ ಶೀಟಿನಲ್ಲಿ ಮಾತ್ರ ನಡೆದಿರುತ್ತದೆ.

ಭತ್ಯೆಯನ್ನು ಸಂಬಳಕ್ಕೆ ಸೇರಿಸಿ ಹೇಳುವ ಅಭ್ಯಾಸವೂ ಇದೆ. ಹೊರಗೆ ಉಳಿದುಕೊಂಡ ದಿನಗಳ ಊಟ, ವಸತಿಗೆ ಕೊಡುವ ದಿನಭತ್ಯೆ ಅಲ್ಲೇ ಖರ್ಚಾಗುತ್ತದೆ. ನಿಮ್ಮ ಊರಿನ ಬಾಡಿಗೆ ಕಟ್ಟಲು ಅದು ಬರುವುದಿಲ್ಲ. ಆಮೇಲೆ ವರ್ಷದ ಲೆಕ್ಕ. ಪ್ರಾಜೆಕ್ಟು 8 ತಿಂಗಳು ಇದ್ದು ಉಳಿದ 4 ತಿಂಗಳು ಖಾಲಿ ಇದ್ದರೆ ತಿಂಗಳ ಸಂಬಳವನ್ನು 8ರಿಂದ ಗುಣಿಸಿ 12ರಿಂದ ಭಾಗಿಸಿ. ಬಾಡಿಗೆ ಹನ್ನೆರಡು ತಿಂಗಳೂ ಕೊಡಬೇಕಲ್ಲ.

ಜೀವನ ವೆಚ್ಚದ ಕಡೆ ಬಂದರೆ, ನಾನು ಪದೇ ಪದೇ ನೋಡುವ ತಪ್ಪು ಗ್ರಾಹಕ ಬೆಲೆ ಸೂಚ್ಯಂಕದ್ದು. ಒಂದು ಊರಿನದು 190, ಇನ್ನೊಂದರದು 180 ಅಂತ ಕಂಡ ಕೂಡಲೇ ಮೊದಲನೆಯದು ದುಬಾರಿ ಊರು ಅಂತ ಬರೆದುಬಿಡುತ್ತಾರೆ. ಆ ಸೂಚ್ಯಂಕ ಹೇಳುವುದು ಅದೇ ಊರಿನಲ್ಲಿ ಆಧಾರ ವರ್ಷದಿಂದ ಬೆಲೆ ಎಷ್ಟು ಏರಿತು ಅನ್ನುವುದನ್ನು ಮಾತ್ರ. ಆಧಾರ ವರ್ಷದಲ್ಲಿ ಎರಡೂ ಊರಿಗೆ 100 ಅಂತಲೇ ಇಟ್ಟಿರುತ್ತಾರೆ, ಆಗ ಯಾವುದು ದುಬಾರಿಯಿತ್ತು ಅನ್ನುವುದು ಅದರಲ್ಲಿ ಇಲ್ಲ. ಊರಿಂದ ಊರಿಗೆ ಹೋಲಿಸಲು ಸ್ಥಳಗಳ ನಡುವಿನ ಬೆಲೆಮಟ್ಟದ ಸೂಚ್ಯಂಕ ಬೇಕು. ಅಮೆರಿಕದ ಆರ್ಥಿಕ ವಿಶ್ಲೇಷಣಾ ಇಲಾಖೆ ದೇಶದ ಸರಾಸರಿಯನ್ನು 100 ಅಂತಿಟ್ಟು ಪ್ರಕಟಿಸುವ ಪ್ರಾದೇಶಿಕ ಬೆಲೆ ಸಮಾನತೆ ಅಂಥದ್ದು. ಕೊಳ್ಳುವ ಶಕ್ತಿ ಸಮಾನತೆ, ಅಂದರೆ ಪಿಪಿಪಿ, ದೇಶ ದೇಶಗಳ ಹೋಲಿಕೆಗೆ ಇರುವುದು. ಒಂದೇ ದೇಶದ ಎರಡು ಊರುಗಳಿಗೆ ಅದನ್ನು ಹಚ್ಚಬಾರದು.

ಸರಿಯಾದ ಸೂಚ್ಯಂಕ ಸಿಕ್ಕಿದ ಮೇಲೂ ಅದರೊಳಗಿನ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನುವುದನ್ನು, ನೋಡಬೇಕು. ಒಂದು ಊರಿನಲ್ಲಿ ಸಂಬಳ 100, ಬೆಲೆಮಟ್ಟ 100. ಇನ್ನೊಂದರಲ್ಲಿ ಸಂಬಳ 120, ವಸತಿ 160, ಉಳಿದದ್ದು 110. ವಸತಿಗೆ ಶೇ. 30 ತೂಕ ಕೊಟ್ಟರೆ 48 ಮತ್ತು 77 ಕೂಡಿ ಸೂಚ್ಯಂಕ 125. 120ನ್ನು 1.25ರಿಂದ ಭಾಗಿಸಿದರೆ 96, ಅಂದರೆ ಸ್ವಲ್ಪ ನಷ್ಟ. ಆದರೆ ಕಡಿಮೆ ಸಂಬಳದ ಸಂದರ್ಶಕರ ಮನೆಯಲ್ಲಿ ಬಾಡಿಗೆಗೇ ಶೇ. 45 ಹೋಗುತ್ತಿದ್ದರೆ? 72 ಮತ್ತು 60.5 ಕೂಡಿ 132.5, ಸಂಬಳದ ನಿಜ ಬೆಲೆ 90.6. ಊರೂ ಅದೇ, ಸಂಬಳವೂ ಅದೇ, ತೂಕ ಬದಲಾದದ್ದಕ್ಕೆ ನಷ್ಟ ಎರಡು ಪಟ್ಟು ಮೀರಿತು. ಆದ್ದರಿಂದ ಪ್ರಕಟಿತ ತೂಕ ಬಿಟ್ಟು ನಿಮ್ಮದೇ ಮನೆಯ ಮೂರು ತಿಂಗಳ ಖರ್ಚಿನಿಂದ ತೂಕ ತೆಗೆಯುವುದು ಒಳ್ಳೆಯದು. ಬಾಡಿಗೆಯನ್ನು ಹುಡುಕುವಾಗಲೂ ಹಳೆ ಬಾಡಿಗೆದಾರರು ಕೊಡುವ ಮೊತ್ತ ಬೇಡ, ಈಗ ಖಾಲಿಯಿರುವ ಮನೆಗೆ ಕೇಳುವ ಮೊತ್ತ ತೆಗೆದುಕೊಳ್ಳಿ. ಹೊಸದಾಗಿ ಹೋಗುವವರು ಕೊಡಬೇಕಾದದ್ದು ಅದನ್ನೇ, ಮೇಲೆ ಮುಂಗಡ ಬೇರೆ.

ಸಂಬಳ ಸಾಲುತ್ತದೆಯೇ ಅನ್ನುವುದಕ್ಕೆ, ಬದುಕಲು ಸಾಕಾಗುವ ವೇತನವನ್ನು ಅಂದಾಜಿಸುವ ಆಂಕರ್ ವಿಧಾನ ಚೆನ್ನಾಗಿದೆ. ಆಹಾರ, ವಸತಿ, ಉಳಿದ ಅಗತ್ಯಗಳನ್ನು ಕುಟುಂಬದ ಮಟ್ಟದಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಅನಿರೀಕ್ಷಿತ ಖರ್ಚಿಗೆ ಸ್ವಲ್ಪ ಸೇರಿಸಿ, ಮನೆಯಲ್ಲಿ ದುಡಿಯುವವರ ಸಂಖ್ಯೆಯಿಂದ ಭಾಗಿಸುತ್ತಾರೆ. ಹೋಲಿಸುವಾಗ ತೆರಿಗೆ ಕಳೆದು ಕೈಗೆ ಬರುವ ಮೊತ್ತವನ್ನೇ ಇಡಿ.

ಕೆಲಸ ಒಪ್ಪುವ ಮುಂಚೆ ಇವಿಷ್ಟು ಬರಹದಲ್ಲಿ ಕೇಳಿ ಪಡೆಯಿರಿ: ದಿನದ ಟಾರ್ಗೆಟ್ ಎಷ್ಟು, ಅರ್ಧಕ್ಕೆ ನಿಂತ ಸಂದರ್ಶನಕ್ಕೆ ಕೂಲಿ ಉಂಟೇ, ತರಬೇತಿ ದಿನಗಳಿಗೆ ಕೊಡುತ್ತಾರೆಯೇ, ಫಾರ್ಮ್ ತಿರಸ್ಕರಿಸಲು ಕಾರಣ ಏನೇನು, ಕೊನೆಯ ಕಂತು ಫೀಲ್ಡ್ ಮುಗಿದ ಎಷ್ಟು ದಿನಕ್ಕೆ ಬರುತ್ತದೆ. ಮೊದಲ ವಾರ ಪ್ರತಿ ಫಾರ್ಮಿಗೂ ಶುರು, ಮುಗಿತ, ಭೇಟಿ ಸಂಖ್ಯೆ, ಓಡಾಟದ ಖರ್ಚು ಬರೆದಿಡಿ. ಟ್ಯಾಬ್‌ನಲ್ಲಿ ದಾಖಲಾಗುವ ಸಮಯ ಪ್ರಶ್ನೆಗಳದ್ದು ಮಾತ್ರ, ಬಾಗಿಲ ಹೊರಗೆ ಕಾದದ್ದು ಅದರಲ್ಲಿ ಬರುವುದಿಲ್ಲ. ಪೈಲಟ್‌ನಲ್ಲಿ, ಅಂದರೆ ಮುಂಚೆ ನಡೆಸುವ ಚಿಕ್ಕ ಪರೀಕ್ಷೆಯಲ್ಲಿ, 35 ನಿಮಿಷ ಹಿಡಿದ ಪ್ರಶ್ನಾವಳಿಗೆ ಫೀಲ್ಡ್‌ನಲ್ಲಿ 48 ಹಿಡಿಯುತ್ತಿದೆ ಅಂತ ಆ ಶೀಟ್ ತೋರಿಸಿದರೆ, ದರ ತಿದ್ದಿಸಿಕೊಳ್ಳಲು ಎರಡನೇ ವಾರವೇ ಸರಿಯಾದ ಸಮಯ. ಅರ್ಧ ಸ್ಯಾಂಪಲ್ ಮುಗಿದ ಮೇಲೆ ಬಜೆಟ್ ಬದಲಿಸಲು ಯಾರೂ ಒಪ್ಪುವುದಿಲ್ಲ.